ಲಿಂ. ಫ. ಗು. ಹಳಕಟ್ಟಿಯವರ ನಿತ್ಯಾಭ್ಯಾಸ

ಪರೀಕ್ಷೆಯ ದಿನಗಳು ಸಮೀಪಿಸಿದಂತೆ ಓದುವ ಮಕ್ಕಳ ಮುಖದಲ್ಲಿ ಕಳವಳವು ಮೂಡುವುದನ್ನು ಗೃಹಸ್ಥರಾದವರೆಲ್ಲ ಬಲ್ಲರು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬೆಳಗಾವಿಗೆ, ಧಾರವಾಡಕ್ಕೆ, ಕೊಲ್ಲಾಪುರ ಸಾಂಗಲಿಗಳಿಗೆ ವಿದ್ಯೆಗಾಗಿ ಹೋಗುತ್ತಾರೆ. ಹಬ್ಬಕ್ಕೆ ಬಂದಾಗ ಅವರು ಹೇಳುವ ಮಾತು ಬಹುಮಟ್ಟಿಗೆ ಒಂದೇ: ಓದಬೇಕಾದುದು ಬೆಟ್ಟದಷ್ಟಿದೆ, ಕುಳಿತರೆ ಮನಸ್ಸು ನಿಲ್ಲುವುದಿಲ್ಲ. ತಂದೆತಾಯಿಗಳು ಇದಕ್ಕೆ ಉತ್ತರವಾಗಿ ಗದರುವರು, ಇಲ್ಲವೆ ಹರಕೆ ಹೊರುವರು. ಎರಡರಿಂದಲೂ ಪುಸ್ತಕದ ಒಂದು ಪುಟವಾದರೂ ಮುಂದೆ ಸರಿದುದುಂಟೆ?

ಬೆಟ್ಟದಷ್ಟಿದ್ದ ಒಂದು ಕೆಲಸವನ್ನು ಒಬ್ಬರೇ ಕುಳಿತು, ಒಂದೊಂದು ಗರಿಯಂತೆ ಓದಿ ಮುಗಿಸಿದ ಮಹನೀಯರೊಬ್ಬರು ನಮ್ಮ ನಾಡಿನಲ್ಲಿ ಆಗಿಹೋದರು. ಇಂದು ವಚನಗಳನ್ನು ಅಚ್ಚಿನ ಪುಸ್ತಕದಲ್ಲಿ ಓದುವ ಪ್ರತಿಯೊಂದು ಮನೆಯೂ ಅವರ ಋಣದಲ್ಲಿದೆ. ಅವರೇ ವಚನಪಿತಾಮಹರೆಂದು ಪ್ರಸಿದ್ಧರಾದ ಲಿಂ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಸಾಧನೆಯನ್ನು ಹೊಗಳುವವರು ಬಹು ಮಂದಿ ಇದ್ದಾರೆ. ಆ ಸಾಧನೆಯು ದಿನದಿನದ ಯಾವ ನಡೆವಳಿಕೆಯಿಂದ ಕೂಡಿಬಂದಿತೆಂಬುದನ್ನು ವಿಚಾರಿಸುವವರು ಮಾತ್ರ ಕಡಿಮೆ.

ಫಕೀರಪ್ಪನವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆಹಗಾರರು, ತಾಯಿ ದಾನಾದೇವಿಯವರು. ಮಗುವಿಗೆ ಮೂರು ವರುಷವಾಗುವಷ್ಟರಲ್ಲಿ ತಾಯಿ ತೀರಿಕೊಂಡರು. ಬೆಳೆಸಿದವಳು ಅಜ್ಜಿ. ಲಿಂಗಾಯತ ಮನೆತನದಲ್ಲಿ ದಿನದ ಮೊದಲ ಪಾಠವು ಶಾಲೆಯಲ್ಲಿ ನಡೆಯುವುದಿಲ್ಲ. ಸ್ನಾನ, ವಿಭೂತಿ, ಇಷ್ಟಲಿಂಗಪೂಜೆ, ಆಮೇಲೆ ಪ್ರಸಾದ ಎಂಬ ಕ್ರಮವು ಎಳೆಯ ವಯಸ್ಸಿನಲ್ಲಿಯೇ ಮೈಗೆ ಹತ್ತಿಬಿಡುತ್ತದೆ. ಅಂಗೈಯ ಮೇಲಿನ ಲಿಂಗದಲ್ಲಿ ದೃಷ್ಟಿಯಿಟ್ಟು ಕೆಲವು ನಿಮಿಷ ಅಲುಗದೆ ಕುಳಿತಿರುವುದು ಧರ್ಮಾಚರಣೆಯಂತೂ ಹೌದು. ಓದುವ ಹುಡುಗನಿಗೆ ಅದು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಒಂದೇ ವಸ್ತುವಿನಲ್ಲಿ ನೋಟವನ್ನು ನಿಲ್ಲಿಸುವ ಬಲವು ಅವನಿಗೆ ಪುಸ್ತಕ ತೆರೆಯುವ ಮೊದಲೇ ಬಂದಿರುತ್ತದೆ. ತಂದೆಯ ಮನೆಯಲ್ಲಿ ಪುಸ್ತಕಗಳ ಸಹವಾಸ, ಅಜ್ಜಿಯ ಮಡಿಲಲ್ಲಿ ಆಚಾರದ ಸಹವಾಸ, ಹೀಗೆ ಆ ಬಾಲಕನು ಬೆಳೆದನು.

1896ರಲ್ಲಿ ಮೆಟ್ರಿಕ್ಯುಲೇಶನ್ ಮುಗಿಯಿತು. ಮುಂದಿನ ಓದಿಗೆ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಧಾರವಾಡದಿಂದ ಮುಂಬಯಿಗೆ ಹೋಗುವ ಉಗಿಬಂಡಿಯ ದಾರಿಯು ಲೋಂಡಾ ಬೆಳಗಾವಿಗಳನ್ನು ದಾಟಿ, ಚಿಕ್ಕೋಡಿ ರೋಡ, ರಾಯಬಾಗ, ಕುಡಚಿಗಳ ಮೇಲೆ ಹಾಯ್ದು, ಕೃಷ್ಣೆಯ ಸೇತುವೆಯಾಚೆ ಉಗಾರ ಶೇಡಬಾಳಗಳನ್ನು ಮುಟ್ಟಿ ಮಿರಜಿಗೆ ಸಾಗುತ್ತದೆ. ಈ ಭಾಗದ ಹುಡುಗರು ಇಂದಿಗೂ ಹತ್ತಿಳಿಯುವ ದಾರಿಯಿದು. ಮಿರಜ ದಾಟಿತೆಂದರೆ ಕನ್ನಡದ ಮಾತು ಕಿವಿಯಿಂದ ದೂರವಾಗುತ್ತದೆ. ಆ ಕಾಲದಲ್ಲಂತೂ ಮಿರಜದವರೆಗೆ ಹೋಗಬೇಕಾದ ಪ್ರಮೇಯವೇ ಇರಲಿಲ್ಲ. ಕೃಷ್ಣಾತೀರದ ಎಷ್ಟೋ ಕನ್ನಡ ಊರುಗಳಲ್ಲಿ ಶಾಲೆ ಕಚೇರಿಗಳ ವ್ಯವಹಾರವು ಮರಾಠಿಯಲ್ಲಿಯೇ ನಡೆಯುತ್ತಿದ್ದಿತು.

ಅವರು ಮುಂಬಯಿಯನ್ನು ಸೇರಿದ ವರುಷವೇ ಆ ನಗರಕ್ಕೆ ಪ್ಲೇಗಿನ ಬೇನೆ ಹೊಕ್ಕಿತು. 1896ರ ಉತ್ತರಾರ್ಧದಲ್ಲಿ ತೋರಿದ ಆ ಮಾರಿಯು ಮುಂದೆ ಹಲವು ವರುಷ ಊರನ್ನು ಬಿಡಲಿಲ್ಲ. ಜನರು ಮನೆಗಳಿಗೆ ಬೀಗ ಹಾಕಿ ಗುಂಪುಗುಂಪಾಗಿ ಊರು ತೊರೆದರು. ಅಂತಹ ನಗರದಲ್ಲಿ, ಪರಭಾಷೆಯ ನಡುವೆ, ತಾಯಿಯಿಲ್ಲದ ಹದಿನಾರು ವರುಷದ ಹುಡುಗನೊಬ್ಬನು ಓದನ್ನು ಹಿಡಿದು ಕುಳಿತನೆಂಬುದನ್ನು ಇಂದಿನ ವಿದ್ಯಾರ್ಥಿಗಳು ಮನಸ್ಸಿಗೆ ತಂದುಕೊಳ್ಳಬೇಕು. ಓದಿಗೆ ಅನುಕೂಲವಾದ ಕಾಲವು ಬರಲೆಂದು ಕಾಯುತ್ತ ಕುಳಿತವನಿಗೆ ಅದು ಎಂದೂ ಬರುವುದಿಲ್ಲ. ಪದವಿಯ ತರುವಾಯ ಕಾನೂನಿನ ವ್ಯಾಸಂಗ ಮಾಡಿ 1904ರಲ್ಲಿ ಅವರು ಎಲ್‌ಎಲ್.ಬಿ. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು.

ಮುಂಬಯಿಯಲ್ಲಿ ಅವರು ಪುಸ್ತಕದಾಚೆಗೂ ಒಂದು ಪಾಠವನ್ನು ಕಲಿತರು. ಗುಜರಾತಿ ಮರಾಠಿ ಜನಗಳಿಗೆ ತಮ್ಮ ನುಡಿಯಲ್ಲಿಯೂ ತಮ್ಮ ಸಂತರ ವಾಣಿಯಲ್ಲಿಯೂ ಇದ್ದ ಅಭಿಮಾನವನ್ನು ಅವರು ಕಣ್ಣಾರೆ ಕಂಡರು. ಆಲೂರ ವೆಂಕಟರಾಯರಂಥ ಕನ್ನಡಿಗರ ಪರಿಚಯವೂ ಅಲ್ಲಿಯೇ ಆಯಿತು. ಮರಾಠಿಗರಿಗೆ ಅವರ ಸಂತರ ಅಭಂಗಗಳು ಅಚ್ಚಾಗಿ ಕೈಗೆ ದೊರೆಯುತ್ತಿದ್ದುವು. ಕನ್ನಡ ಶರಣರ ವಚನಗಳಾದರೋ ಕೆಲವು ಚಿಕ್ಕ ಮುದ್ರಣಗಳನ್ನುಳಿದು ಓಲೆಯ ಕಟ್ಟುಗಳಲ್ಲಿ ಮಲಗಿದ್ದುವು. ಈ ಕೊರತೆಯು ಆ ತರುಣನ ಮನಸ್ಸಿನಲ್ಲಿ ನಾಟಿತು.

ಅವರ ಪತ್ನಿ ಭಾಗೀರಥಿಬಾಯಿಯವರು ತಮ್ಮಣ್ಣಪ್ಪ ಚಿಕ್ಕೋಡಿಯವರ ಮಗಳು. ಆ ಮನೆತನದ ಅಡ್ಡಹೆಸರನ್ನು ಕೇಳಿದರೆ ಈ ಕಡೆಯ ಓದುಗರಿಗೆ ತಮ್ಮ ಮನೆಯವರೇ ಎನಿಸುವುದು ಸಹಜ. ವಕೀಲಿಯನ್ನು ಅವರು ಮೊದಲು ಬೆಳಗಾವಿಯಲ್ಲಿ ಆರಂಭಿಸಿ, ಬಳಿಕ ವಿಜಾಪುರಕ್ಕೆ ಹೋಗಿ ನೆಲೆಸಿದರು. ಕೊನೆಯವರೆಗೂ ವಿಜಾಪುರವೇ ಅವರ ಕರ್ಮಭೂಮಿಯಾಯಿತು.

ಇನ್ನು ಮುಖ್ಯ ಸಂಗತಿಗೆ ಬರಬೇಕು. ಅಥಣಿಯಿಂದ ಕೃಷ್ಣೆಯನ್ನು ದಾಟಿದರೆ ನೇಕಾರರ ಊರಾದ ರಬಕವಿಯು ಸಿಗುತ್ತದೆ. ಅಲ್ಲಿಯ ಮಂಚಾಲೆಯವರ ಮನೆಯಲ್ಲಿ ಹಳಕಟ್ಟಿಯವರಿಗೆ ವಚನಗಳ ತಾಡವೋಲೆಗಳು ನೋಡಲು ದೊರೆತುವು. ಇದು 1903ರ ಸುಮಾರಿನ ಮಾತು. ಕಾನೂನಿನ ಪರೀಕ್ಷೆಯಿನ್ನೂ ಮುಗಿದಿರದ ವಿದ್ಯಾರ್ಥಿಗೆ ಅಂದು ಇನ್ನೊಂದು ವಿದ್ಯೆಯ ಬಾಗಿಲು ತೆರೆಯಿತು. ಈ ಎರಡನೆಯ ವಿದ್ಯೆಗೆ ಕಾಲೇಜು ಇರಲಿಲ್ಲ, ಗುರುವಿರಲಿಲ್ಲ, ಪದವಿಯೂ ಇರಲಿಲ್ಲ.

ತಾಡವೋಲೆಯ ಓದು ಎಂಥದೆಂಬುದನ್ನು ಇಂದಿನವರಿಗೆ ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಹದಮಾಡಿದ ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದಿರುತ್ತಾರೆ. ಕೊರೆದ ಗೆರೆಯೊಳಗೆ ಕಾಡಿಗೆಯ ಮಸಿ ತುಂಬಿದರೆ ಮಾತ್ರ ಅದು ಕಣ್ಣಿಗೆ ಕಾಣಿಸುತ್ತದೆ. ಗರಿಗಳಿಗೆ ತೂತು ಮಾಡಿ, ದಾರ ಪೋಣಿಸಿ, ಮೇಲೂ ಕೆಳಗೂ ಹಲಗೆಯಿಟ್ಟು, ಅರಿವೆಯಲ್ಲಿ ಸುತ್ತಿ ಜಗುಲಿಯ ಮೇಲೆ ಇಟ್ಟಿರುತ್ತಾರೆ. ಹಬ್ಬದಲ್ಲಿ ವಿಭೂತಿ ಪತ್ರಿಗಳನ್ನೇರಿಸಿ ಪೂಜಿಸುತ್ತಾರೆ. ಬಿಚ್ಚಿ ಓದುವವರು ಮನೆಯಲ್ಲಿ ಇರುವುದಿಲ್ಲ. ಬಿಚ್ಚಿದರೂ ಅದರಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ, ವಿರಾಮಚಿಹ್ನೆಯಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಎಷ್ಟೋ ಪ್ರತಿಗಳಲ್ಲಿ ಭೇದವನ್ನು ತೋರಿಸಿರುವುದಿಲ್ಲ. ಹುಳು ತಿಂದ ಕಡೆ ಅರ್ಧ ಸಾಲು ಹೋಗಿರುತ್ತದೆ. ಅವಸರಪಟ್ಟು ತಿರುವಿದರೆ ಒಣಗಿದ ಗರಿಯು ಕೈಯಲ್ಲಿಯೇ ಮುರಿಯುತ್ತದೆ. ಅಂದರೆ ಈ ಗ್ರಂಥವು ಓದುವವನಿಂದ ತಾಳ್ಮೆಯನ್ನು ಕೇಳಿಕೊಳ್ಳುವುದಿಲ್ಲ, ಕಡ್ಡಾಯ ಮಾಡುತ್ತದೆ.

ವಕೀಲರಾದ ಹಳಕಟ್ಟಿಯವರಿಗೆ ಹಗಲಿನ ಹೊತ್ತೆಲ್ಲ ಕೋರ್ಟಿನ ಪಾಲು. ಕೆಲಕಾಲ ಅವರು ಸರಕಾರಿ ವಕೀಲರಾಗಿಯೂ ಕೆಲಸ ಮಾಡಿದರು. ಅದಲ್ಲದೆ ಊರಿನ ಕೆಲಸಗಳು ಒಂದರ ಮೇಲೊಂದು ಅವರ ಹೆಗಲೇರಿದುವು. 1910ರಲ್ಲಿ ವಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯು ಅವರ ಪ್ರಯತ್ನದಿಂದ ಹುಟ್ಟಿತು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಸ್ಥಾಪನೆಯಾಯಿತು. 1920ರಲ್ಲಿ ಅವರು ಮುಂಬಯಿಯ ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟು ಹೊರೆಯಿದ್ದವರಿಗೆ ಓಲೆಯನ್ನೋದಲು ಉಳಿಯುವುದು ಕೋರ್ಟಿನ ಮುಂಚಿನ ಹೊತ್ತು, ಕೋರ್ಟಿನ ಹಿಂದಿನ ಹೊತ್ತು, ರಜೆಯ ದಿನಗಳು, ಅಷ್ಟೇ. ವಚನಶಾಸ್ತ್ರಸಾರವೆಂಬ ಅವರ ಮಹಾಗ್ರಂಥವು ಈ ಚೂರುಪಾರು ಹೊತ್ತುಗಳ ಕೂಡುಗಂಟೆಂಬುದನ್ನು ಮರೆಯಲಾಗದು. ಒಂದು ಬಿಡುವಿನ ವರುಷವು ಅವರಿಗೆಂದೂ ದೊರೆತಿರಲಿಲ್ಲ.

ಆ ಕೆಲಸದ ರೀತಿಯೂ ವಿದ್ಯಾರ್ಥಿಗಳು ಗಮನಿಸತಕ್ಕುದಾಗಿದೆ. ಓಲೆಯಲ್ಲಿದ್ದುದನ್ನು ಕಾಗದದ ಮೇಲೆ ಕೈಬರೆಹದಿಂದ ಪ್ರತಿಮಾಡಬೇಕು. ಅದೇ ವಚನವು ಇನ್ನೊಂದು ಕಟ್ಟಿನಲ್ಲಿ ಬಂದರೆ ಎರಡನ್ನೂ ಪಕ್ಕದಲ್ಲಿಟ್ಟು ಪಾಠವನ್ನು ತಾಳೆನೋಡಬೇಕು. ಅಂಕಿತದ ಮೇಲಿಂದ ಇದು ಯಾವ ಶರಣರದೆಂದು ಗೊತ್ತುಹಚ್ಚಬೇಕು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಎಲ್ಲರಿಗೂ ಪರಿಚಿತ. ಯಾರೂ ಹೆಸರು ಕೇಳಿರದ ಕಾಯಕಜೀವಿಗಳ ಅಂಕಿತ ಬಂದಾಗ ಮತ್ತೆ ಹುಡುಕಾಟ ತೊಡಗಬೇಕು. ಇಷ್ಟಾದ ಮೇಲೆ ಒಂದೊಂದು ವಚನವನ್ನೂ ವಿಷಯಕ್ಕನುಸಾರವಾಗಿ ಅದರದರ ಸ್ಥಾನದಲ್ಲಿ ಕೂಡಿಸಬೇಕು. ಓದು, ಬರೆ, ಹೋಲಿಸು, ವಿಂಗಡಿಸು ಎಂಬ ಈ ನಾಲ್ಕು ಕ್ರಿಯೆಗಳನ್ನು ಬಿಟ್ಟರೆ ಅವರ ವಿದ್ವತ್ತಿಗೆ ಬೇರೆ ಮಂತ್ರವಿರಲಿಲ್ಲ. ಶಾಲೆಯ ಪಾಠವನ್ನು ಕಣ್ಣಿನಿಂದ ಮಾತ್ರ ಸವರಿಹೋಗುವ ಹುಡುಗನು ಅದನ್ನೊಮ್ಮೆ ತನ್ನ ಕೈಯಿಂದ ಬರೆದುನೋಡಲಿ. ಎಲ್ಲಿ ತಿಳಿದಿಲ್ಲವೋ ಅಲ್ಲಿ ಲೇಖನಿಯು ತಾನಾಗಿ ನಿಲ್ಲುತ್ತದೆ.

ಓಲೆಗಳು ತಾವಾಗಿ ಅವರ ಮನೆಗೆ ಬರಲಿಲ್ಲ. ಅವರು ಊರೂರು ತಿರುಗಿ, ಮಠಗಳಲ್ಲಿ ಮನೆಗಳಲ್ಲಿ ಬೇಡಿ ತಂದರು. ಪೂಜೆಯ ವಸ್ತುವನ್ನು ಹೊರಗಿನವರ ಕೈಗೆ ಕೊಡಲು ಒಪ್ಪದ ಮನೆಗಳು ಆಗ ಬಹಳ ಇದ್ದುವು. ಅಂಥಲ್ಲಿ ವಕೀಲರ ದರ್ಪದಿಂದ ಕಾರ್ಯವಾಗದು. ಹೊಸ್ತಿಲಲ್ಲಿ ಕುಳಿತು ಕಾಯುವವನಿಗೆ ಮಾತ್ರ ಜಗುಲಿಯ ಗಂಟು ಬಿಚ್ಚುತ್ತದೆ. ಹೀಗೆ ಅವರು ಕೂಡಿಸಿದ ಪ್ರತಿಗಳು ಸಾವಿರಗಟ್ಟಲೆ ಗರಿಗಳಾದುವು. ಅದುವರೆಗೆ ಜನರಿಗೆ ಸುಮಾರು ಐವತ್ತು ವಚನಕಾರರ ಹೆಸರು ತಿಳಿದಿದ್ದರೆ, ಹಳಕಟ್ಟಿಯವರ ಶೋಧನೆಯಿಂದ ಆ ಸಂಖ್ಯೆಯು 250ರಷ್ಟಕ್ಕೆ ಏರಿತೆಂದು ವಿದ್ವಾಂಸರು ಎಣಿಸಿದ್ದಾರೆ.

ಗ್ರಂಥವು ಸಿದ್ಧವಾದ ಮೇಲೆ ಅದನ್ನು ಅಚ್ಚುಹಾಕಿಸುವ ಯೋಚನೆ ಬಂದಿತು. ಕನ್ನಡದ ಅಂದವಾದ ಮುದ್ರಣಕ್ಕೆ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯು ಆಗ ಹೆಸರಾಗಿದ್ದಿತು. ಹಸ್ತಪ್ರತಿಯು ಹಣದೊಡನೆ ಅಲ್ಲಿಗೆ ಹೋಯಿತು. ಅಚ್ಚಾಗದೆ ಮರಳಿ ಬಂದಿತು. ವಚನಗಳ ತತ್ತ್ವವು ತಮ್ಮ ಪ್ರಚಾರಕಾರ್ಯಕ್ಕೆ ಅಡ್ಡಿಯಾದೀತೆಂದು ಅವರು ಹಿಂಜರಿದರೆಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಕಾರಣವೇನೇ ಇರಲಿ, ಹತ್ತಿಪ್ಪತ್ತು ವರುಷ ಕಣ್ಣು ಸವೆಸಿ ಬರೆದುದು ಅಂಚೆಯಲ್ಲಿ ಹಿಂದಕ್ಕೆ ಬಂದಾಗ ಎಂತಹ ಗಟ್ಟಿಗನ ಎದೆಯೂ ಕುಸಿಯಬಹುದು. ಪರೀಕ್ಷೆಯಲ್ಲಿ ಒಮ್ಮೆ ತಪ್ಪಿದೊಡನೆ ಪುಸ್ತಕಗಳನ್ನು ಮೂಲೆಗೆ ಎಸೆಯುವ ಮಕ್ಕಳಿದ್ದಾರೆ. ಅದಕ್ಕೂ ಮಿಗಿಲಾದ ಅನಾಹುತವನ್ನು ಮಾಡಿಕೊಂಡು ತಂದೆತಾಯಿಗಳ ಬಾಳನ್ನೇ ಕತ್ತಲೆ ಮಾಡಿದ ಮಕ್ಕಳೂ ಇದ್ದಾರೆ. ಹಳಕಟ್ಟಿಯವರು ಮಾಡಿದುದು ಇಷ್ಟೇ: ಅದೇ ಹಸ್ತಪ್ರತಿಯನ್ನು ತೆಗೆದುಕೊಂಡು ಬೇರೊಂದು ಅಚ್ಚುಕೂಟವನ್ನು ಹುಡುಕಿದರು. ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಅದು ಮುದ್ರಣವಾಗಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಹೊರಬಂದಿತು. ರಬಕವಿಯ ಓಲೆಗಳನ್ನು ಕಂಡಂದಿನಿಂದ ಲೆಕ್ಕ ಹಾಕಿದರೆ ಇಪ್ಪತ್ತು ವರುಷಗಳಾಗಿದ್ದುವು.

ಮುಂದೆ ಪರರ ಅಚ್ಚುಕೂಟದ ಹಂಗೇ ಬೇಡವೆಂದು 1925ರಲ್ಲಿ ಅವರು ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಇದಕ್ಕಾಗಿ ತಮ್ಮ ಸ್ವಂತ ಮನೆಯನ್ನು ಮಾರಿದರು. ಗೃಹಸ್ಥರು ಈ ಮಾತನ್ನು ಸುಮ್ಮನೆ ಓದಿ ಮುಂದಕ್ಕೆ ಹೋಗಬಾರದು. ಮನೆ ಮಾರುವುದೆಂದರೆ ಹೆಂಡತಿ ಮಕ್ಕಳ ತಲೆಯ ಮೇಲಿನ ನೆರಳನ್ನು ಮಾರುವುದು. ಮಾಡಬಹುದೇ ಎಂದು ಕೇಳಿದರೆ ಎಲ್ಲರಿಗೂ ಹೌದೆನ್ನಲಾಗದು. ಆ ತ್ಯಾಗದ ಭಾರವನ್ನು ಅವರೊಬ್ಬರೇ ಹೊರಲಿಲ್ಲ, ಮನೆಯವರೆಲ್ಲ ಹೊತ್ತರು. ಭಾಗೀರಥಿಬಾಯಿಯವರ ಹೆಸರು ಸಾಹಿತ್ಯಚರಿತ್ರೆಯಲ್ಲಿ ಕಾಣದಿದ್ದರೂ ಹಿತಚಿಂತಕದ ಒಂದೊಂದು ಅಚ್ಚುಮೊಳೆಯಲ್ಲಿಯೂ ಅವರ ಪಾಲಿದೆ.

1926ರಲ್ಲಿ ಶಿವಾನುಭವ ಪತ್ರಿಕೆಯು ಆರಂಭವಾಯಿತು. 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯೂ ಹೊರಟಿತು. ಪತ್ರಿಕೆಯನ್ನು ಹೊರಡಿಸುವುದು ಸುಲಭ, ನಡೆಯಿಸುವುದು ಕಷ್ಟ. ಚಂದಾದಾರರು ಹಣ ಕಳಿಸಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಸಂಚಿಕೆಯು ಅಂಚೆಗೆ ಬೀಳಬೇಕು. ಶಿವಾನುಭವವನ್ನು ಅವರು ಸುಮಾರು 35 ವರುಷ ನಡೆಯಿಸಿದರು. ಪತ್ರಿಕೆಯು ಅವರ ಬಾಳಿಗೆ ಗಡಿಯಾರದಂತಾಯಿತು. ಒಂದು ಸಂಚಿಕೆಗೆ ಬೇಕಾದಷ್ಟು ವಚನಗಳನ್ನು ಸಂಶೋಧಿಸಿ ಅಣಿಮಾಡಬೇಕು, ಅಚ್ಚಿನ ಕರಡನ್ನು ತಿದ್ದಬೇಕು, ಅಷ್ಟರಲ್ಲಿ ಮುಂದಿನ ಸಂಚಿಕೆಯು ಬಾಗಿಲಲ್ಲಿ ನಿಂತಿರುತ್ತದೆ. ಒಟ್ಟು ಕೆಲಸದ ಅಗಾಧತೆಯನ್ನು ಕುರಿತು ಚಿಂತಿಸಲು ಅಲ್ಲಿ ಪುರಸೊತ್ತಿಲ್ಲ. ಇಂದಿನ ಪಾಲಿನದನ್ನು ಇಂದು ಮುಗಿಸಿದರೆ ಸಾಕು. ಹೀಗೆ ಮುಗಿಸುತ್ತ ಬಂದ ಅವರ ಪ್ರಕಟಣೆಗಳು ನೂರನ್ನು ದಾಟಿದುವು. ಹರಿಹರನ ರಗಳೆಗಳು ಬೆಳಕಿಗೆ ಬಂದುದೂ ಬಹುಪಾಲು ಈ ಮಾರ್ಗದಿಂದಲೇ. ವಚನಗಳನ್ನು ಇಂಗ್ಲಿಷಿಗೆ ತಿರುಗಿಸಿ ಇಂಡಿಯನ್ ಆಂಟಿಕ್ವೆರಿ ಎಂಬ ವಿದ್ವತ್ಪತ್ರಿಕೆಯಲ್ಲಿಯೂ ಅವರು ಪ್ರಕಟಿಸಿದರು.

ಇವರ ಸಂಪಾದನೆಯಲ್ಲಿ ದೋಷವಿಲ್ಲವೆಂದು ಹೇಳುವುದು ಭಕ್ತಿಯಾದೀತೇ ಹೊರತು ಸತ್ಯವಾಗದು. ಸಿಕ್ಕ ಪ್ರತಿಗಳು ಕೆಲವು, ಸಮಯ ಅಲ್ಪ, ಸಹಾಯಕರು ವಿರಳ. ಬಸವನಾಳ ಶಿವಲಿಂಗಪ್ಪನವರು, ಆರ್. ಸಿ. ಹಿರೇಮಠರು, ಎಲ್. ಬಸವರಾಜು ಅವರು ಮೊದಲಾದ ಮುಂದಿನ ಪೀಳಿಗೆಯ ಪಂಡಿತರು ಹೆಚ್ಚಿನ ಪ್ರತಿಗಳನ್ನು ಇಟ್ಟುಕೊಂಡು ಪಾಠಗಳನ್ನು ತಿದ್ದಿದರು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಈ ಎಲ್ಲ ತಿದ್ದುಪಡಿಗೆ ಎಡೆಯಾದುದು ತಿದ್ದಲು ಒಂದು ಗ್ರಂಥವು ಮುಂದಿದ್ದುದರಿಂದ. ದೋಷ ತಗಲೀತೆಂಬ ಅಂಜಿಕೆಯಿಂದ ಹಳಕಟ್ಟಿಯವರು ಬರೆಯದೆ ಕುಳಿತಿದ್ದರೆ ಹುಳುಗಳು ತಮ್ಮ ಕೆಲಸವನ್ನು ನಿಲ್ಲಿಸುತ್ತಿರಲಿಲ್ಲ. ಒಂದು ಉತ್ತರವೂ ತಪ್ಪಬಾರದೆಂಬ ಹಟದಿಂದ ಕೈಕಾಲು ನಡುಗಿಸಿಕೊಳ್ಳುವ ಬುದ್ಧಿವಂತ ಮಕ್ಕಳ ತಂದೆತಾಯಿಗಳು ಇದನ್ನು ಅವರಿಗೆ ಮೆಲ್ಲನೆ ತಿಳಿಸಿ ಹೇಳಬಹುದು.

ಉಡುಪಿನಲ್ಲಿ ಊಟದಲ್ಲಿ ಅವರ ಸರಳತೆಯು ಪ್ರಸಿದ್ಧವಾದುದು. ಹಳೆಯ ಕೋಟಿನಲ್ಲಿಯೇ ಅವರು ಸಭೆಗಳಿಗೆ ಹೋಗುತ್ತಿದ್ದರು. ಬಡತನವು ಅದಕ್ಕೆ ಒಂದು ಕಾರಣ. ಬೇಕುಗಳನ್ನು ಕಡಿಮೆಮಾಡಿಕೊಂಡವನ ಮನಸ್ಸಿಗೆ ಗದ್ದಲವೂ ಕಡಿಮೆಯೆಂಬುದು ಇನ್ನೊಂದು. ಇಂದು ವಿದ್ಯಾರ್ಥಿಯ ಮೇಜಿನ ಮೇಲೆ ಪುಸ್ತಕದ ಪಕ್ಕದಲ್ಲಿಯೇ ಮೊಬೈಲು ಇರುತ್ತದೆ. ಗಳಿಗೆಗೊಮ್ಮೆ ಅದು ಕರೆಯುತ್ತದೆ. ಹಳಕಟ್ಟಿಯವರ ಮೇಜಿನ ಮೇಲೆ ಒಂದು ಕಟ್ಟು ಬಿಚ್ಚಿದ್ದರೆ ಅದು ಮುಗಿಯದೆ ಇನ್ನೊಂದನ್ನು ಬಿಚ್ಚುವಂತಿರಲಿಲ್ಲ, ಗರಿಗಳು ಬೆರೆತರೆ ಎರಡೂ ಕೆಡುತ್ತವೆ. ಓದುವ ಹೊತ್ತಿನಲ್ಲಿ ಆ ಯಂತ್ರವನ್ನು ಇನ್ನೊಂದು ಕೋಣೆಯ ಮಾಡದಲ್ಲಿಟ್ಟು ಬರುವುದು ಇದೇ ನಿಯಮದ ಇಂದಿನ ರೂಪವಾದೀತು. ಮಕ್ಕಳಿಗೆ ಇದನ್ನು ಹೇಳುವ ಮೊದಲು ಹಿರಿಯರೂ ತಮ್ಮದನ್ನು ಅದೇ ಮಾಡದಲ್ಲಿಡುವುದು ಒಳ್ಳೆಯದು.

ಗೌರವಗಳು ಬಂದುವು. 1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ ಗೋಳಗುಮ್ಮಟವನ್ನು ತೋರಿಸಲು ಹೊರಟವರಿಗೆ, ಮೊದಲು ವಚನಗಳ ಗುಮ್ಮಟವನ್ನು ನೋಡಬೇಕೆಂದು ತಿಳಿಸಿ ಹಳಕಟ್ಟಿಯವರ ಮನೆಗೆ ನಡೆದರೆಂದು ಹೇಳುತ್ತಾರೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಡಿ.ಲಿಟ್. ಪದವಿಯನ್ನಿತ್ತಿತು. ಎಪ್ಪತ್ತಾರು ವರುಷದ ಆ ವಿದ್ಯಾರ್ಥಿಯು ಪದವಿಯ ಮರುದಿನಗಳಲ್ಲಿಯೂ ಶಿವಾನುಭವದ ಸಂಚಿಕೆಗಳನ್ನು ಬಿಡಲಿಲ್ಲ.

1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಇನ್ನು ಮೂರು ದಿನ ಕಳೆದಿದ್ದರೆ ಎಂಬತ್ತನಾಲ್ಕು ವರುಷ ತುಂಬುತ್ತಿದ್ದುವು. ಅವರು ಹುಟ್ಟುಹಾಕಿದ ಶಿಕ್ಷಣಸಂಸ್ಥೆಯು ವಿಜಾಪುರದಲ್ಲಿ ಅವರ ಹೆಸರಿನ ಸಂಶೋಧನಕೇಂದ್ರವನ್ನೂ ಇಂಜಿನಿಯರಿಂಗ ಕಾಲೇಜನ್ನೂ ನಡೆಯಿಸುತ್ತಿದೆ. ಅಥಣಿಯ ಕಡೆಯಿಂದ ಹೋದ ಎಷ್ಟೋ ಮಕ್ಕಳು ಅಲ್ಲಿ ಓದುತ್ತಾರೆ. ಊರಿಗೆ ಬಂದಾಗ ಅವರು ತಮ್ಮ ಮನೆಯ ಜಗುಲಿಯನ್ನೊಮ್ಮೆ ನೋಡಿದರೆ, ಅರಿವೆ ಸುತ್ತಿದ ಗಂಟೊಂದು ಇನ್ನೂ ಅಲ್ಲಿ ಇದ್ದರೂ ಇದ್ದೀತು.